ಓದಿದ ತಕ್ಷಣ ಟ್ರಾವೆಲ್ ನರ್ಸ್ ಆಗಬಹುದೇ?

ಪ್ರಶ್ನೆ: ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಒಂದು ವರ್ಷವಾಯಿತು. ಅಮೆರಿಕದಲ್ಲಿ ಟ್ರಾವೆಲ್ ನರ್ಸ್‌ಗಳಿಗೆ ಒಳ್ಳೆಯ ಸಂಬಳ ಎನ್ನುತ್ತಾರೆ. ಇಲ್ಲಿಂದ ನೇರವಾಗಿ ಆ ಕೆಲಸಕ್ಕೆ ಹೋಗಬಹುದೇ?

ಉತ್ತರ: ನೇರವಾಗಿ ಆಗುವುದಿಲ್ಲ. ದಾರಿ ಇದೆ, ಆದರೆ ದೂರದ್ದು.

ನರ್ಸ್‌ಗಳ ಕೊರತೆ ಇರುವ ಆಸ್ಪತ್ರೆಗೆ ಏಜೆನ್ಸಿ ಮೂಲಕ, ಸಾಮಾನ್ಯವಾಗಿ 13 ವಾರಗಳ ಮಟ್ಟಿಗೆ ಹೋಗುವವರು ಟ್ರಾವೆಲ್ ನರ್ಸ್. ಹೆಚ್ಚಿನ ಕಡೆ ವಾರಕ್ಕೆ ಹನ್ನೆರಡು ಗಂಟೆಯ ಮೂರು ಶಿಫ್ಟ್. ಹೊಸ ಜಾಗದಲ್ಲಿ ಕಲಿಸಿಕೊಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಔಷಧ ಎಲ್ಲಿದೆ, ಚಾರ್ಟಿಂಗ್ (ರೋಗಿಯ ವಿವರ ದಾಖಲಿಸುವುದು) ಹೇಗೆ ಎಂದು ಒಂದೆರಡು ದಿನ ತೋರಿಸಿ ರೋಗಿಗಳನ್ನು ಒಪ್ಪಿಸಿಬಿಡುತ್ತಾರೆ. ಅದಕ್ಕೇ ಐಸಿಯು, ಎಮರ್ಜೆನ್ಸಿಯಂಥ ಒಂದೇ ವಿಭಾಗದಲ್ಲಿ ಒಂದೆರಡು ವರ್ಷದ ಅನುಭವ ಕೇಳುವುದು. ಈ ಷರತ್ತು ನನಗೆ ನ್ಯಾಯವೆನಿಸುತ್ತದೆ. ಹಾಸಿಗೆಯ ಮೇಲಿರುವುದು ಒಂದು ಜೀವ.

ನಮ್ಮವರಿಗೆ ದೊಡ್ಡ ತೊಡಕು ವೀಸಾ. ಸಾಮಾನ್ಯ ನರ್ಸ್ ಹುದ್ದೆಗೆ ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾ ಸಿಗುವುದು ಅಪರೂಪ. ಉಳಿಯುವುದು ಇಬಿ-3, ಅಂದರೆ ಉದ್ಯೋಗದ ಆಧಾರದ ಮೇಲೆ ಕಾಯಂ ವಾಸಕ್ಕೆ ಸಿಗುವ ಒಂದು ಬಗೆಯ ಗ್ರೀನ್ ಕಾರ್ಡ್. ಅದರಲ್ಲಿ ಭಾರತದಲ್ಲಿ ಹುಟ್ಟಿದವರು ಹತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾದ ಸ್ಥಿತಿ ಇದೆ. ಕರೆಸಿಕೊಂಡ ಸಂಸ್ಥೆಯಲ್ಲಿ ಎರಡು ಮೂರು ವರ್ಷ ದುಡಿಯುವ ಒಪ್ಪಂದವೂ ಇರುತ್ತದೆ. ಅದು ಮುಗಿದ ಮೇಲಷ್ಟೇ ಊರೂರು ಸುತ್ತುವ ಮಾತು. ಗಂಡನೋ ಹೆಂಡತಿಯೋ ಈಗಾಗಲೇ ಅಲ್ಲಿದ್ದು, ನಿಮಗೂ ಕೆಲಸದ ಪರವಾನಗಿ ಸಿಕ್ಕಿದರೆ ಈ ಕಾಯುವಿಕೆ ತಪ್ಪುತ್ತದೆ.

ಪರೀಕ್ಷೆಗೆ ಅಷ್ಟು ಕಾಯಬೇಕಿಲ್ಲ. ಅಮೆರಿಕದ ನರ್ಸ್ ಲೈಸೆನ್ಸ್‌ಗೆ ಬೇಕಾದ ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು. ಅದಕ್ಕೆ ಮುಂಚೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಇರಬೇಕು, ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ (ಓದಿದ ವಿಷಯ, ಅಂಕಗಳ ದಾಖಲೆ) ಕೈಸೇರಬೇಕು. ಆ ಕಾಗದಗಳ ಓಡಾಟಕ್ಕೆ ತಿಂಗಳುಗಳು ಹಿಡಿಯುತ್ತವೆ, ಈಗಲೇ ಶುರು ಮಾಡಿ. ಅಮೆರಿಕದ ರಾಜ್ಯಗಳು ನರ್ಸ್ ಲೈಸೆನ್ಸ್‌ಗಾಗಿ ಮಾಡಿಕೊಂಡ ಒಪ್ಪಂದವೊಂದಿದೆ; ಅದಕ್ಕೆ ಸೇರಿದ ರಾಜ್ಯದಲ್ಲಿ ನೆಲೆಸಿದ ಮೇಲೆ 40ಕ್ಕೂ ಹೆಚ್ಚು ರಾಜ್ಯಗಳಲ್ಲಿ ನಡೆಯುವ ಒಂದೇ ಲೈಸೆನ್ಸ್ ಪಡೆಯಬಹುದು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಆ ಒಪ್ಪಂದದ ಹೊರಗಿವೆ. ಅಲ್ಲಿಗೆ ಪ್ರತ್ಯೇಕ ಲೈಸೆನ್ಸ್ ಬೇಕು.

ಇನ್ನು ಸಂಬಳ. ಜಾಹೀರಾತಿನಲ್ಲಿ ಕಾಣುವ ವಾರದ ಮೊತ್ತ ಎರಡು ಪಾಲಿನದು. ಒಂದು, ತೆರಿಗೆ ಬೀಳುವ ಗಂಟೆಯ ಕೂಲಿ. ಇನ್ನೊಂದು, ಬಾಡಿಗೆ ಮತ್ತು ಊಟಕ್ಕೆಂದು ಕೊಡುವ ಭತ್ಯೆ. ಭತ್ಯೆಗೆ ತೆರಿಗೆ ಇಲ್ಲ ಎಂದು ರಿಕ್ರೂಟರ್ ಹೇಳುವುದು ಅರ್ಧ ನಿಜ. ಅಮೆರಿಕದಲ್ಲಿ ನಿಮಗೊಂದು ಕಾಯಂ ನೆಲೆ ಇದ್ದು, ಅದರ ಖರ್ಚನ್ನೂ ಹೊರುತ್ತಾ, ಕೆಲಸದೂರಿನಲ್ಲೂ ಬಾಡಿಗೆ ಕಟ್ಟುತ್ತಿದ್ದರೆ ಮಾತ್ರ ಆ ವಿನಾಯಿತಿ. ಹಾಸನದಲ್ಲಿ ಅಪ್ಪನ ಮನೆ ಇದೆ ಎಂದರೆ ಸಾಲದು. ಇದು ತಿಳಿಯದೆ ಭತ್ಯೆಯನ್ನೆಲ್ಲ ಉಳಿತಾಯ ಎಂದುಕೊಂಡವರಿಗೆ ಮುಂದೆ ತೆರಿಗೆಯ ಜೊತೆ ದಂಡವೂ ಬೀಳಬಹುದು. ರೋಗಿಗಳು ಕಡಿಮೆಯಾದಾಗ ಆಸ್ಪತ್ರೆ ನಿಮ್ಮ ಶಿಫ್ಟ್ ರದ್ದು ಮಾಡಿದರೆ ಆ ದಿನದ ದುಡ್ಡು ಬರುತ್ತದೆಯೇ ಎಂಬುದೂ ಕರಾರಿನಲ್ಲಿ ಬರಹದಲ್ಲಿರಲಿ.

ಸದ್ಯ ನೀವು ಜನರಲ್ ವಾರ್ಡಿನಲ್ಲಿದ್ದರೆ, ಐಸಿಯುಗೆ ಹಾಕಿ ಎಂದು ಈ ವಾರವೇ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರನ್ನು ಕೇಳಿ.