‘ಸಾರಿ ಹೇಳಿದ್ನಲ್ಲ, ಇನ್ನೇನು?’

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ತಮ್ಮ ಏನಾದರೂ ಹಾಳು ಮಾಡಿದರೆ ಅವನು ಸಾರಿ ಹೇಳಿದರೂ ಎರಡು ದಿನ ಮಾತು ಬಿಡುತ್ತಾಳೆ. ಕ್ಷಮಿಸುವುದನ್ನು ಕಲಿಸೋದು ಹೇಗೆ?
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಮಳೆಗಾಲ ಹಿಡಿಯಿತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಮಕ್ಕಳೆಲ್ಲ ಮನೆಯೊಳಗೇ ಇದ್ದರೆ ಜಗಳಕ್ಕೆ ಕಾರಣ ಬೇಕಾ? ಹಿಂದೆ ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತೇನೆ: ಸಾರಿ ಕೇಳಿದ ಕೂಡಲೇ ಕ್ಷಮಿಸಬೇಕು ಅನ್ನೋ ಕಾನೂನು ಎಲ್ಲೂ ಇಲ್ಲ. ಎಷ್ಟು ಸಲ ಹೇಳಿದರೂ ಈ ನಂಬಿಕೆ ನಮ್ಮ ಮನೆಗಳಿಂದ ಹೋಗುತ್ತಿಲ್ಲ.

ತಮ್ಮ ಅಕ್ಕನ ಛತ್ರಿಯನ್ನು ಕತ್ತಿ ಮಾಡಿಕೊಂಡು ಆಡಿ ಕಡ್ಡಿ ಮುರಿದ ಅಂತಿಟ್ಟುಕೊಳ್ಳಿ. ಅವಳು ಶಾಲೆಯಿಂದ ನೆನೆದುಕೊಂಡು ಬಂದಳು. ಬ್ಯಾಗಿನಲ್ಲಿದ್ದ ಕಾಪಿ ಪುಸ್ತಕ ಒದ್ದೆ, ಬರೆದದ್ದೆಲ್ಲ ನೀಲಿ ಕಲೆ. ಅಡುಗೆಮನೆಯಿಂದ ನಿಮ್ಮ ದನಿ: ‘ಸಾರಿ ಹೇಳೋ!’ ಅವನು ಟಿವಿಯಿಂದ ಕಣ್ಣು ತೆಗೆಯದೆ ‘ಸಾರಿ’ ಅಂದ. ‘ಆಯ್ತಲ್ಲ, ಬಿಡೇ ಮಾರಾಯ್ತಿ, ಚಿಕ್ಕವನು ಅಲ್ವಾ?’

ಇದರಲ್ಲಿ ಯಾರು ಏನು ಕಲಿತರು? ಎರಡಕ್ಷರ ಹೇಳಿದರೆ ಬೈಗುಳ ತಪ್ಪುತ್ತದೆ ಅಂತ ಅವನು ಕಲಿತ. ನೋವಾದರೂ ಬಾಯಿ ಮುಚ್ಚಿಕೊಂಡಿರಬೇಕು ಅಂತ ಅವಳು ಕಲಿತಳು. (ಹೆಣ್ಣುಮಕ್ಕಳಿಗೆ ಈ ಪಾಠ ಸ್ವಲ್ಪ ಜಾಸ್ತಿಯೇ ಆಗುತ್ತದೆ.) ಕ್ಷಮೆ ಮಾತ್ರ ಯಾರಿಗೂ ಬರಲಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಾಬರ್ಟ್ ಎನ್‌ರೈಟ್ ಕ್ಷಮೆಯ ಬಗ್ಗೆ ದಶಕಗಳಿಂದ ಅಧ್ಯಯನ ಮಾಡುತ್ತಿರುವವರು. ಅವರೂ ಇದನ್ನೇ ಹೇಳುತ್ತಾರೆ: ಕ್ಷಮಿಸುವುದು ಅಂದರೆ ಮರೆಯುವುದಲ್ಲ, ತಪ್ಪನ್ನು ಸರಿ ಅನ್ನುವುದಲ್ಲ, ತಕ್ಷಣ ರಾಜಿ ಆಗುವುದೂ ಅಲ್ಲ.

ಮೊದಲು ಅವಳು ಸಿಟ್ಟನ್ನು ಪೂರ್ತಿ ಹೇಳಿಕೊಳ್ಳಲಿ, ನಡುವೆ ಬಾಯಿ ಹಾಕಬೇಡಿ. ಆಮೇಲೆ ತಮ್ಮನಿಗೆ ಕೆಲಸ ಕೊಡಿ. ಬಚ್ಚಲೊಲೆ ಹತ್ತಿರ ಕೂತು ಆ ಪುಸ್ತಕವನ್ನು ಅವನೇ ಹಾಳೆ ಹಾಳೆ ಬಿಡಿಸಿ ಒಣಗಿಸಲಿ. ನಾಳೆ ಅವನ ಛತ್ರಿ ಅವಳಿಗೆ, ಅವನು ಕೊಪ್ಪೆ ಹಾಕಿಕೊಂಡು ಹೋಗಲಿ. ಎರಡು ದಿನ ಮಾತಾಡದಿದ್ದರೆ ಬಿಡಿ, ಮೂರನೇ ದಿನ ತಾನಾಗಿ ಮಾತಾಡುತ್ತಾಳೆ. ಆದರೆ ದೊಡ್ಡವರು ಯಾರಾದರೂ ಕೆಟ್ಟದಾಗಿ ಮುಟ್ಟಿದ ವಿಷಯವಾದರೆ ಅಲ್ಲಿ ಕ್ಷಮೆಯ ಪಾಠವೇ ಬೇಡ. ಸೀದಾ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ತೀರಾ ಚಿಕ್ಕ ಮಕ್ಕಳ ಲೆಕ್ಕ ಬೇರೆ. ಗೊತ್ತಿಲ್ಲದೆ 15 ಕಪ್ ಒಡೆದವನು, ಕದ್ದು ಜಾಮ್ ತೆಗೆಯಲು ಹೋಗಿ ಒಂದೇ ಕಪ್ ಒಡೆದವನು, ಇವರಲ್ಲಿ ಯಾರದು ದೊಡ್ಡ ತಪ್ಪು ಅಂತ ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆ ಮಕ್ಕಳನ್ನು ಕೇಳಿದ್ದರು. ಚಿಕ್ಕವರಲ್ಲಿ ಹೆಚ್ಚಿನವರು 15 ಕಪ್ ಒಡೆದವನನ್ನೇ ತೋರಿಸಿದರು. ‘ಬೇಕಂತ ಮಾಡಿದ್ದಲ್ಲ’ ಅನ್ನುವ ಮಾತು ಅವರ ತಲೆಗೆ ಹೋಗಲು ಕಾಲ ಬೇಕು.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ದೊಡ್ಡವರು ಮಕ್ಕಳ ಹತ್ತಿರ ತಪ್ಪಾಯ್ತು ಅನ್ನಬಹುದಾ? ಮರ್ಯಾದೆ ಹೋಗುತ್ತದೆ ಅಂತ ಹೆದರುವವರು ಜೈನರ ಮನೆಗಳನ್ನು ನೋಡಬೇಕು. ಹುಂಚದ ಪದ್ಮಾವತಿ ಕ್ಷೇತ್ರ ನಮ್ಮ ಹೊಸನಗರ ತಾಲೂಕಿನಲ್ಲೇ ಇದೆಯಲ್ಲ. ಭಾದ್ರಪದದಲ್ಲಿ ದಿನಕ್ಕೊಂದು ಧರ್ಮದಂತೆ ಹತ್ತು ದಿನ ನಡೆಯುವ ಅವರ ದಶಲಕ್ಷಣ ಪರ್ವ ಶುರುವಾಗುವುದೇ ‘ಉತ್ತಮ ಕ್ಷಮೆ’ಯಿಂದ. ಪರ್ವ ಮುಗಿದ ಮೇಲೆ ಕ್ಷಮಾವಣಿ. ಅವತ್ತು ಚಿಕ್ಕವರು ದೊಡ್ಡವರು ಅನ್ನದೆ ಒಬ್ಬರಿಗೊಬ್ಬರು ಕೈ ಮುಗಿದು ಕ್ಷಮೆ ಕೇಳುತ್ತಾರೆ.

ನೀವು ಹಬ್ಬದವರೆಗೆ ಕಾಯಬೇಕಿಲ್ಲ. ಸುಮ್ನೆ ಬೈದಿದ್ದರೆ ‘ನಂದು ತಪ್ಪಾಯ್ತು ಪುಟ್ಟಿ’ ಅನ್ನಿ. ‘ಆದರೆ ನೀನೂ…’ ಅಂತ ಬಾಲ ಸೇರಿಸಬೇಡಿ. ಅವಳು ಕೂಡಲೇ ನಗದಿದ್ದರೆ ನಿಮ್ಮ ಕೆಲಸ ನೋಡಿಕೊಳ್ಳಿ.