ಲಾಡಿ ಮತ್ತು ಚರಂಡಿ

ಮೂಡಿಗೆರೆ ಕಡೆಯ ತೋಟಗಳಲ್ಲಿ ಕಾಫಿ ಕೊಯ್ಲಾದ ಮೇಲೆ ಹಣ್ಣಿನ ಸಿಪ್ಪೆ, ಸಿಲ್ವರ್ ಓಕ್ ತರಗೆಲೆ, ಸಗಣಿ ಎಲ್ಲ ಸೇರಿಸಿ ಗೊಬ್ಬರಕ್ಕೆ ಹಾಕುತ್ತಾರೆ. ಚಳಿಗಾಲದ ಬೆಳಗ್ಗೆ ಆ ರಾಶಿಯನ್ನು ಕೆದಕಿದರೆ ಹಬೆ ಏಳುತ್ತದೆ. ಒಳಗೆ ಕೈ ಹಾಕಿದರೆ ಸುಡುತ್ತದೆ. ಅದು ಎಲೆ ತಿನ್ನುತ್ತಿರುವ ಸೂಕ್ಷ್ಮಜೀವಿಗಳ ಬಿಸಿ.

ಎಲೆಯ ನಾರು ಅಂದರೆ ಮುಖ್ಯವಾಗಿ ಸೆಲ್ಯುಲೋಸ್. ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಅನ್ನದ ಪಿಷ್ಟವೂ ಗ್ಲೂಕೋಸೇ ಅಲ್ವಾ? ಹೌದು, ಆದರೆ ಸೆಲ್ಯುಲೋಸಿನಲ್ಲಿ ಒಂದು ಮಣಿ ನೆಟ್ಟಗಿದ್ದರೆ ಮುಂದಿನದು ಮಗುಚಿಕೊಂಡಿರುತ್ತದೆ. ಅದರಿಂದ ಸರ ನೇರವಾಗಿ ನಿಂತು ಪಕ್ಕದ ಸರಗಳಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಇಷ್ಟು ಸಣ್ಣ ವ್ಯತ್ಯಾಸಕ್ಕೇ ನಮಗೆ ಅನ್ನ ಅರಗುತ್ತದೆ, ಹುಲ್ಲು ಅರಗುವುದಿಲ್ಲ.

ಬಿಸಿ ಗೊಬ್ಬರದ ರಾಶಿಗಳಲ್ಲಿ ಸಿಗುವ ಥರ್ಮೋಬಿಫಿಡಾ ಫಸ್ಕಾ ಎಂಬ ಬ್ಯಾಕ್ಟೀರಿಯಾಕ್ಕೆ ಇದು ಅರಗುತ್ತದೆ. ಸುಮಾರು 50 ಡಿಗ್ರಿ ಸೆಲ್ಸಿಯಸ್ ಬಿಸಿ ಅದಕ್ಕೆ ಹಿತ. ಸರ ಕತ್ತರಿಸುವ ಕಿಣ್ವಗಳನ್ನು ಅದು ಮೈಯಿಂದ ಹೊರಗೆ ಬಿಡುತ್ತದೆ. ಅವುಗಳಲ್ಲಿ ಒಂದಕ್ಕೆ ಇ2 ಎಂದು ಹೆಸರು. ಇದರಲ್ಲಿ ನಾರಿಗೆ ಅಂಟುವ ಭಾಗ ಒಂದು, ಕತ್ತರಿಸುವ ಭಾಗ ಒಂದು. ನಡುವೆ ಬಳುಕುವ ಎಳೆ. ಕಿಣ್ವದ ಆಕಾರ ತಿಳಿಯಲು ಅದನ್ನು ಹರಳಾಗಿಸಬೇಕಿತ್ತು. ಆದರೆ ಬಳುಕುವ ವಸ್ತುವನ್ನು ಇಟ್ಟಿಗೆಯಂತೆ ಸಾಲಾಗಿ ಜೋಡಿಸುವುದು ಕಷ್ಟ, ಹರಳು ಕಟ್ಟುವುದಿಲ್ಲ. ಅದಕ್ಕೇ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸ್ಪೆಜಿಯೋ, ವಿಲ್ಸನ್, ಕಾರ್ಪ್ಲಸ್ ಎಂಬ ವಿಜ್ಞಾನಿಗಳು ಕತ್ತರಿಸುವ ಭಾಗವನ್ನಷ್ಟೇ ಹರಳಾಗಿಸಿದರು. ಹರಳಿಗೆ ಎಕ್ಸ್-ರೇ ಹಾಯಿಸಿ, ಅದು ಚದುರಿದ ರೀತಿಯಿಂದ ಕಿಣ್ವದ ಆಕಾರವನ್ನು ಲೆಕ್ಕ ಹಾಕಿ 1993ರಲ್ಲಿ ಪ್ರಕಟಿಸಿದರು.

ನನ್ನನ್ನು ಹಿಡಿದು ನಿಲ್ಲಿಸುವುದು ಆ ಆಕಾರವೇ. ಇದೇ ಕುಟುಂಬದ ಒಂದು ಶಿಲೀಂಧ್ರ ಕಿಣ್ವದ ಆಕಾರ 1990ರಲ್ಲೇ ಗೊತ್ತಾಗಿತ್ತು. ಅದರಲ್ಲಿ ಕತ್ತರಿಸುವ ಜಾಗ ಒಂದು ಸುರಂಗ. ಲಂಗಕ್ಕೆ ಲಾಡಿ ಪೋಣಿಸುವ ಹಾಗೆ ಸರವನ್ನು ತುದಿಯಿಂದಲೇ ತೂರಿಸಬೇಕು. ಇ2ದ ಮೈಕಟ್ಟು ಬಹುಮಟ್ಟಿಗೆ ಅದೇ. ಆದರೆ ಸುರಂಗಕ್ಕೆ ಚಾವಣಿಯಾಗಿದ್ದ ಎಳೆಗಳು ಇಲ್ಲಿ ಮುಚ್ಚಿಕೊಂಡಿಲ್ಲ. ಸುರಂಗ ಹೋಗಿ ತೆರೆದ ಚರಂಡಿ ಆಗಿದೆ! ಸರದ ನಡುಭಾಗವೇ ಅದರೊಳಗೆ ಕೂರಬಹುದು. ತಳದಲ್ಲಿರುವ ಆಸ್ಪಾರ್ಟಿಕ್ ಆಮ್ಲ ಎಂಬ ಅಮೈನೋ ಆಮ್ಲದ ನೆರವಿನಿಂದ, ನೀರಿನ ಒಂದು ಅಣು ಸೇರಿ, ಮಣಿಗಳ ನಡುವಿನ ಕೊಂಡಿ ಬಿಡುತ್ತದೆ. ಶಿಲೀಂಧ್ರದ ಕಿಣ್ವ ತುದಿಯಿಂದ ಕತ್ತರಿಸುತ್ತದೆ, ಇ2 ನಡುವೆ ಕತ್ತರಿಸುತ್ತದೆ ಎಂದು ಮೊದಲೇ ಗೊತ್ತಿತ್ತು. ಯಾಕೆ ಹಾಗೆ ಎಂಬುದು ಕಣ್ಣಿಗೆ ಕಂಡಿದ್ದು ಹರಳಿನಿಂದ.

ಥರ್ಮೋಬಿಫಿಡಾ ಎರಡೂ ಬಗೆಯ ಕಿಣ್ವಗಳನ್ನು ಬಿಡುತ್ತದೆ. ಇ2 ನಡುವೆ ಕತ್ತರಿಸಿದಲ್ಲೆಲ್ಲ ಎರಡು ಹೊಸ ತುದಿ ಹುಟ್ಟುತ್ತವೆ. ತುದಿ ಹುಡುಕುವ ಕಿಣ್ವ ಅಲ್ಲಿಂದ ತನ್ನ ಕೆಲಸ ಶುರು ಮಾಡುತ್ತದೆ.