‘ಇಲ್ಲೆಜಿಬಲ್’ ಎಂದರೆ ಅನರ್ಹ ಎಂದಲ್ಲ

ಪ್ರಶ್ನೆ: ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೆ. ಅಂಕಪಟ್ಟಿಯ ಎದುರು ‘ಇಲ್ಲೆಜಿಬಲ್’ ಎಂಬ ಷರಾ ಬಂದಿದೆ. ನನಗೆ ಅರ್ಹತೆ ಇಲ್ಲವೆಂದು ಇದರ ಅರ್ಥವೇ?

ಖಂಡಿತ ಅಲ್ಲ. ಅರ್ಹತೆ ಇಲ್ಲ ಎನ್ನಲು ಬಳಸುವ ಪದ ‘ಇನ್‌ಎಲಿಜಿಬಲ್’. ಕಿವಿಗೆ ಎರಡೂ ಹತ್ತಿರ ಹತ್ತಿರ ಕೇಳಿಸುವುದರಿಂದ ಈ ಗಾಬರಿ ಬಹಳ ಜನರಿಗೆ ಆಗುತ್ತದೆ. ನಿಮಗೆ ಬಂದ ಷರಾ ಕಾಗದದ ಮೇಲಿನ ಅಕ್ಷರಗಳ ಕುರಿತಾದದ್ದು: ಅವು ಓದಲು ಬರುತ್ತಿಲ್ಲ, ಅಷ್ಟೇ. ಫೋಟೊ ತೆಗೆಯುವಾಗ ಕೈ ಅಲುಗಿರಬಹುದು, ನೋಂದಣಿ ಸಂಖ್ಯೆಯ ಮೇಲೆ ಮೊಹರು ಬಿದ್ದಿರಬಹುದು. ಮೂಲ ಪ್ರತಿಯನ್ನೇ ಸ್ಕ್ಯಾನ್ ಮಾಡಿಸಿ, ಪರದೆಯಲ್ಲಿ ಹಿಗ್ಗಿಸಿ ಹೆಸರು, ಅಂಕ, ಸಂಖ್ಯೆಗಳನ್ನು ಓದಿ ನೋಡಿ, ಗಡುವಿನೊಳಗೆ ಮತ್ತೆ ಸಲ್ಲಿಸಿ. ಯಾವ ಸಾಲು ಓದಲಾಗಲಿಲ್ಲ ಎಂಬುದನ್ನು ಕಚೇರಿಯವರೇ ಕನ್ನಡದಲ್ಲಿ ಬರೆದಿದ್ದರೆ ನಿಮಗೆ ಈ ಆತಂಕ ಇರುತ್ತಿರಲಿಲ್ಲ. ಅಷ್ಟು ಮಾಡುವುದು ಅವರ ಕರ್ತವ್ಯ ಎಂದೇ ನಾನು ಭಾವಿಸುತ್ತೇನೆ.

ಪದದ ಬೇರು ಲ್ಯಾಟಿನ್‌ನ ‘ಲೆಗೆರೆ’, ಅಂದರೆ ಓದು. ‘ಲೆಜಿಬಲ್’ ಓದಬಲ್ಲದ್ದು, ಅದರ ಹಿಂದೆ ನಿಷೇಧದ ‘ಇನ್’ ಸೇರಿ, ಮುಂದಿನ ‘ಎಲ್’ ಪ್ರಭಾವದಿಂದ ‘ಇಲ್’ ಆಗಿದೆ. ‘ಇಲ್ಲೀಗಲ್’ ಆದದ್ದೂ ಹೀಗೆಯೇ.

ಈ ಪದ ಹೆಚ್ಚಾಗಿ ಕೇಳಿಬರುವುದು ಕೈಬರಹದ ಬಗ್ಗೆ, ಅದರಲ್ಲೂ ವೈದ್ಯರ ಚೀಟಿಯ ಬಗ್ಗೆ. ಅಲ್ಲಿ ಇದು ಅಂದಚೆಂದದ ಮಾತಲ್ಲ. ‘5.0 ಮಿ.ಗ್ರಾಂ’ ಎಂದು ಬರೆದಾಗ ನಡುವಿನ ಚುಕ್ಕೆ ಮಸುಕಾದರೆ ಔಷಧ ಅಂಗಡಿಯವರ ಕಣ್ಣಿಗೆ ಅದು 50. ರೋಗಿಯ ಹೊಟ್ಟೆಗೆ ಹತ್ತು ಪಟ್ಟು ಮದ್ದು. ಔಷಧದ ಜನರಿಕ್ ಹೆಸರನ್ನು ಓದಲು ಬರುವಂತೆ, ಆದಷ್ಟು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ತನ್ನ ನಿಯಮಕ್ಕೆ ತಿದ್ದುಪಡಿ ತಂದಿತು.

‘ಅನ್‌ರೀಡಬಲ್’ ಎಂಬುದನ್ನೂ ಇದೇ ಅರ್ಥದಲ್ಲಿ ಬಳಸುವುದುಂಟು. ಆದರೆ ಅದರ ವ್ಯಾಪ್ತಿ ದೊಡ್ಡದು. ಅಚ್ಚುಕಟ್ಟಾಗಿ ಮುದ್ರಿಸಿದ ಪುಸ್ತಕವೂ ಶೈಲಿ ತೊಡಕಾಗಿದ್ದರೆ ‘ಅನ್‌ರೀಡಬಲ್’. ಅದನ್ನು ‘ಇಲ್ಲೆಜಿಬಲ್’ ಎಂದರೆ ತಪ್ಪು. ಮಳೆಗಾಳಿಗೆ ಸವೆದ ಶಾಸನದ ಸಾಲಿಗೆ ‘ಇಲ್ಲೆಜಿಬಲ್’ ಸರಿಯಾಗಿ ಒಪ್ಪುತ್ತದೆ. ಅಲ್ಲಿ ಲಿಪಿ ಗೊತ್ತಿದ್ದರೂ ಅಕ್ಷರ ಉಳಿದಿಲ್ಲ. ಸಿಂಧೂ ಕಣಿವೆಯ ಎಷ್ಟೋ ಮುದ್ರೆಗಳಲ್ಲಿ ಚಿಹ್ನೆಗಳು ಸ್ಪಷ್ಟವಾಗಿ ಕಾಣುತ್ತವೆ, ಓದುವ ಬಗೆ ಮಾತ್ರ ಯಾರಿಗೂ ಖಚಿತವಾಗಿ ತಿಳಿದಿಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ಇರುವ ಪದ ‘ಅನ್‌ಡಿಸೈಫರ್ಡ್’.